ಗಾಲ್ಫ್ ಸ್ವಿಂಗ್: ತೂಕ ಎಡಗಾಲಿಗೆ ತಂದರೆ ಚೆಂಡು ಇನ್ನೂ ಬಲಕ್ಕೆ ಹೋಗುತ್ತಿದೆ, ಕೈ ಏನು ಮಾಡಬೇಕು?

ತುಂಗಾದಂಡೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನದು ಮೂಲ ತೀರ್ಥಹಳ್ಳಿ ಕಡೆ, ಕೆಲಸ ಶಿವಮೊಗ್ಗದಲ್ಲಿ. ಹೋದ ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ, ಬಲಗೈ ಆಟ. ಊರಿನ ಮನೆಯಲ್ಲಿ ಅಡಿಕೆ ಒಣಹಾಕುವ ಅಂಗಳದ ಪಕ್ಕ ನೆಟ್ ಕಟ್ಟಿ, ಮ್ಯಾಟ್ ಹಾಕಿಕೊಂಡು ಹೊಡೆಯುತ್ತೇನೆ. ಪುರಸೊತ್ತಾದ ಭಾನುವಾರ ತರೀಕೆರೆ ಮೇಲೆ ಚಿಕ್ಕಮಗಳೂರಿಗೆ ಹೋಗಿ ಅಲ್ಲಿನ ಕೋರ್ಸ್‌ನಲ್ಲಿ ಆಡಿ ಬರುತ್ತೇನೆ.

ತೊಂದರೆ ಏನಪ್ಪಾ ಅಂದರೆ, ನೆಟ್‌ನಲ್ಲಿ ಚೆನ್ನಾಗಿ ತಾಗುವ 7 ಐರನ್ (ಮಧ್ಯಮ ದೂರಕ್ಕೆ ಹೊಡೆಯುವ ಗಾಲ್ಫ್ ಕೋಲು, ಅಂದರೆ ಕ್ಲಬ್) ಕೋರ್ಸ್‌ಗೆ ಹೋದ ಕೂಡಲೇ ಕೈಕೊಡುತ್ತದೆ. ಒಂದೋ ಚೆಂಡಿಗಿಂತ ಮೊದಲೇ ನೆಲಕ್ಕೆ ತಾಗುತ್ತದೆ, ಇಲ್ಲದಿದ್ದರೆ ಚೆಂಡಿನ ನಡುವಿಗೆ ತಾಗಿ ಅದು ಹುಲ್ಲು ಸವರಿಕೊಂಡು ಓಡುತ್ತದೆ. ಸರಿಯಾಗಿ ತಾಗಿದರೂ ಬಲಕ್ಕೆ ತಿರುಗಿ ಹೋಗುತ್ತದೆ.

ಜೊತೆಗೆ ಆಡುವ ಹಿರಿಯರೊಬ್ಬರು ನೋಡಿ, ನಿನ್ನ ತೂಕ ಬಲಗಾಲಲ್ಲೇ ಉಳಿದುಬಿಡುತ್ತದೆ, ಎಡಕ್ಕೆ ತಾ ಅಂದರು. ತಂದೆ. ಚೆಂಡು ತಗ್ಗಾಗಿ, ಮೊದಲಿಗಿಂತ ಜಾಸ್ತಿ ಬಲಕ್ಕೆ ಹೋಗತೊಡಗಿತು. ಇನ್ನೊಬ್ಬರು ಮಣಿಕಟ್ಟು ತಿರುಗಿಸು, ಬಲಗೈ ಎಡಗೈ ಮೇಲೆ ಬರಬೇಕು ಅಂದರು. ಅದನ್ನು ಮಾಡಿದರೆ ಕೆಲವು ನೇರ ಹೋಗುತ್ತವೆ, ಕೆಲವು ಎಡಗಡೆ ಮರಗಳ ಸಾಲಿಗೆ ನೇರವಾಗಿ ನುಗ್ಗುತ್ತವೆ. ಯಾವುದು ಯಾವಾಗ ಅಂತ ಹೇಳಲು ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಯೋಚಿಸಿಕೊಂಡು ಹೊಡೆಯಲು ಹೋದರೆ ಚೆಂಡೇ ತಾಗುವುದಿಲ್ಲ.

ಮೊದಲು ಯಾವುದನ್ನು ಸರಿಮಾಡಬೇಕು? ಕಾಲನ್ನಾ, ಕೈಯನ್ನಾ? ತುಂಬಾ ವರ್ಷ ಕ್ರಿಕೆಟ್ ಆಡಿದ್ದೇನೆ, ಅದು ಅಡ್ಡ ಬರುತ್ತಿದೆಯೇನೋ ಅಂತಲೂ ಅನುಮಾನ. ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಕೊಪ್ಪದಿಂದ

ಒಳ್ಳೆ ಪ್ರಶ್ನೆ ಮಾರಾಯ್ರೇ. ಉತ್ತರ ಬರೆಯುವ ಮೊದಲು ನಾಲ್ಕು ವಿಷಯ ಬೇಕು. ಕ್ಲಬ್ ಹಿಡಿದು ನಿಂತಾಗ ಮೇಲಿನಿಂದ ನೋಡಿದರೆ ಎಡಗೈಯ ಎಷ್ಟು ಗೆಣ್ಣು ಕಾಣುತ್ತವೆ? ಕ್ಲಬ್ಬಿನ ಹಿಡಿ ಬೆರಳುಗಳಲ್ಲಿ ಕೂತಿದೆಯಾ, ಅಂಗೈಯಲ್ಲಿ ಕೂತಿದೆಯಾ? ಬ್ಯಾಕ್‌ಸ್ವಿಂಗ್ (ಕ್ಲಬ್ ಹಿಂದಕ್ಕೆತ್ತುವುದು) ಪೂರ್ತಿ ಮೇಲೆ ಹೋದಾಗ ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಚಪ್ಪಟೆ ಬದಿ, ಯಾವ ಕಡೆ ನೋಡುತ್ತದೆ? ಹೊಡೆದು ಮುಗಿಸಿದ ಮೇಲೆ ಬಲ ಹಿಮ್ಮಡಿ ಎಲ್ಲಿರುತ್ತದೆ? ಫೋನ್ ಒರಗಿಸಿಟ್ಟು ವಿಡಿಯೊ ತೆಗೆದು ನೋಡಿ ಹೇಳಿ.

ತುಂಗಾದಂಡೆ, ಶಿವಮೊಗ್ಗ

ನೋಡಿದೆ ಸರ್. ಎಡಗೈಯಲ್ಲಿ ಒಂದೇ ಗೆಣ್ಣು ಕಾಣುತ್ತದೆ, ಎರಡನೆಯದು ಅರೆಬರೆ. ಹಿಡಿ ಅಂಗೈಗೆ ಅಡ್ಡಲಾಗಿಯೇ ಇದೆ. ಮೇಲೆ ಹೋದಾಗ ಕ್ಲಬ್ಬಿನ ತುದಿ (ತಲೆಯ ಹೊರ ಅಂಚು) ನೆಲ ನೋಡುತ್ತದೆ, ಎಡ ಮಣಿಕಟ್ಟು ಹಿಂದಕ್ಕೆ ಮುರಿದ ಹಾಗೆ ಕಾಣುತ್ತದೆ. ಮುಗಿಸಿದಾಗ ಬಲ ಹಿಮ್ಮಡಿ ಇನ್ನೂ ಅರ್ಧ ನೆಲದಲ್ಲೇ ಇದೆ, ದೇಹ ಹಿಂದಕ್ಕೆ ವಾಲಿದೆ. ಗ್ಲೌಸ್ ಅಂಗೈ ಬುಡದಲ್ಲಿ ತೂತು ಬಿದ್ದಿದೆ, ಅದೂ ಸಂಬಂಧ ಇದೆಯೇನೋ ಗೊತ್ತಿಲ್ಲ.

ಕೊಪ್ಪದಿಂದ

ಗ್ಲೌಸ್ ತೂತಿಗೆ ನೇರ ಸಂಬಂಧ ಇದೆ. ಹಿಡಿ ಅಂಗೈಯಲ್ಲಿ ಕೂತರೆ ಅದು ಒಳಗೇ ಜಾರಿ ಉಜ್ಜುತ್ತದೆ. ಈಗ ವಿವರವಾಗಿ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಿಮಗೆ ಸಲಹೆ ಕೊಟ್ಟ ಇಬ್ಬರೂ ಕಂಡದ್ದನ್ನು ಸರಿಯಾಗಿಯೇ ಕಂಡಿದ್ದಾರೆ. ಆದರೆ ತೂಕ ಹಿಂದೆ ಉಳಿಯುವುದು ನಿಮ್ಮ ವಿಷಯದಲ್ಲಿ ರೋಗ ಅಲ್ಲ, ಅದು ದೇಹ ಕಂಡುಕೊಂಡ ಪರಿಹಾರ. ಹೇಗೆ ಅಂತ ನೋಡಿ. ನಿಮ್ಮ ಹಿಡಿತದಿಂದಾಗಿ ಕ್ಲಬ್ಬಿನ ಮುಖ ಮೇಲೆ ಹೋಗುವಾಗಲೇ ತೆರೆದುಕೊಂಡಿದೆ, ಅಂದರೆ ಬಲಕ್ಕೆ ತಿರುಗಿಕೊಂಡಿದೆ. ಹಾಗೆ ತೆರೆದ ಮುಖವನ್ನು ಹೊತ್ತುಕೊಂಡು, ಕೈ ಚೆಂಡಿಗಿಂತ ಮುಂದೆ ಇಟ್ಟು ಎಡಗಾಲ ಮೇಲೆ ಬಂದರೆ ಏನಾಗುತ್ತದೆ? ಶಾಫ್ಟ್ (ಕ್ಲಬ್ಬಿನ ಉದ್ದನೆ ಕೋಲು) ಮುಂದಕ್ಕೆ ವಾಲಿದಷ್ಟೂ ಮುಖ ಇನ್ನಷ್ಟು ಬಲಕ್ಕೆ ನೋಡುತ್ತದೆ. ಲಾಫ್ಟ್ (ಮುಖ ಮೇಲಕ್ಕೆ ವಾಲಿರುವ ಕೋನ) ಕಡಿಮೆಯಾಗಿ ಚೆಂಡು ತಗ್ಗಾಗಿ ಹೋಗುತ್ತದೆ. ನೀವು ಬರೆದದ್ದು ಇದೇ ಅಲ್ವಾ? ದೇಹಕ್ಕೆ ಈ ಫಲ ಇಷ್ಟವಿಲ್ಲ. ಅದಕ್ಕೇ ಅದು ಹಿಂದೆ ಉಳಿದು, ಕೊನೇ ಗಳಿಗೆಯಲ್ಲಿ ಬಲಗೈಯಿಂದ ಕ್ಲಬ್ ತಲೆಯನ್ನು ಮುಂದಕ್ಕೆ ಎಸೆದು ಮುಖ ಮುಚ್ಚಲು ನೋಡುತ್ತದೆ. ಹಾಗೆ ಮಾಡಿದಾಗ ಸ್ವಿಂಗ್‌ನ ಅತಿ ತಗ್ಗಿನ ಜಾಗ ಚೆಂಡಿನ ಹಿಂದೆ ಬಂದುಬಿಡುತ್ತದೆ. ಕ್ಲಬ್ ಒಂದೋ ಚೆಂಡಿಗೆ ಮೊದಲೇ ನೆಲ ಅಗೆಯುತ್ತದೆ, ಇಲ್ಲ ಮೇಲೇಳುವಾಗ ಚೆಂಡಿನ ನಡುವಿಗೆ ತಾಗುತ್ತದೆ.

ಹಾಗಾಗಿ ಹಿಡಿತ ಹಾಗೇ ಇಟ್ಟುಕೊಂಡು ತೂಕ ಮಾತ್ರ ಎಡಕ್ಕೆ ತಂದರೆ ಸ್ಲೈಸ್, ಅಂದರೆ ಚೆಂಡು ಬಲಕ್ಕೆ ತಿರುಗಿ ಹೋಗುವುದು, ಹೆಚ್ಚಾಗುವುದು ಸಹಜ. ಮುಖ ಮೊದಲು, ತೂಕ ಆಮೇಲೆ. ಕೈ ತಿರುಗಿಸುವುದನ್ನು ಬೇರೆಯಾಗಿ ಕಲಿಯುವ ಅಗತ್ಯ ನಿಮಗೆ ಬರುವುದೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮುಖ ಯಾಕೆ ಮೊದಲು? ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ತಾಗುವ ಗಳಿಗೆಯಲ್ಲಿ ಮುಖ ನೋಡುವ ದಿಕ್ಕು. ಆಮೇಲೆ ಗಾಳಿಯಲ್ಲಿ ಎಷ್ಟು ತಿರುಗುತ್ತದೆ ಅನ್ನುವುದು ಮುಖಕ್ಕೂ ಸ್ವಿಂಗ್ ಸಾಗಿದ ದಾರಿಗೂ ಇರುವ ವ್ಯತ್ಯಾಸದಿಂದ. ಹಿಂದೆ ಇದನ್ನು ಉಲ್ಟಾ ಹೇಳಿಕೊಡುತ್ತಿದ್ದರು, ದಾರಿಯಿಂದ ಚೆಂಡು ಹೊರಡುತ್ತದೆ ಅಂತ. ರೇಡಾರ್ ಅಳತೆ ಬಂದ ಮೇಲೆ ಆ ಮಾತು ನಿಂತಿಲ್ಲ. ಹಳೇ ಪುಸ್ತಕ ಓದಿ ಗೊಂದಲ ಮಾಡಿಕೊಳ್ಳಬೇಡಿ.

ಹಿಡಿತ ಹೀಗಿರಲಿ. ಎಡಗೈಯಲ್ಲಿ ಹಿಡಿ ತೋರುಬೆರಳಿನ ನಡುಗೆಣ್ಣಿನಿಂದ ಕಿರುಬೆರಳಿನ ಬುಡದ ಕಡೆಗೆ ಓರೆಯಾಗಿ, ಬೆರಳುಗಳ ಮೇಲೆ ಕೂರಬೇಕು. ಅಂಗೈಯ ದಿಂಡು ಅದರ ಮೇಲೆ ಕೂರಬೇಕು. ಹಿಡಿದ ಮೇಲೆ ನೋಡಿದರೆ ಎರಡೂವರೆ, ಮೂರು ಗೆಣ್ಣು ಕಾಣಲಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆ ತೋರಿಸಲಿ. ಬಲಗೈ ಗೆರೆಯೂ ಹೆಚ್ಚುಕಮ್ಮಿ ಅದೇ ಕಡೆ. ಬಲಗೈ ಕಿರುಬೆರಳನ್ನು ಎಡಗೈ ತೋರುಬೆರಳಿಗೆ ಹೆಣೆಯುತ್ತೀರೋ ಮೇಲೆ ಇಡುತ್ತೀರೋ ಅದು ನಿಮ್ಮಿಷ್ಟ, ಗಾಲ್ಫ್ ದಿಗ್ಗಜರಾದ ಟೈಗರ್ ವುಡ್ಸ್ ಮತ್ತು ಜಾಕ್ ನಿಕ್ಲಾಸ್ ಇಬ್ಬರೂ ಹೆಣೆದೇ ಹಿಡಿದವರು, ಅದರಿಂದ ಮುಖಕ್ಕೆ ವ್ಯತ್ಯಾಸ ಇಲ್ಲ. ಹೊಸ ಹಿಡಿತ ಮೊದಮೊದಲು ತೀರಾ ವಿಚಿತ್ರ ಅನ್ನಿಸುತ್ತದೆ, ಚೆಂಡು ಎಡಕ್ಕೆ ಹೋಗುತ್ತದೆ. ಹೋಗಲಿ ಬಿಡಿ. ಅದು ಬೇಕಾದದ್ದೇ, ಯಾಕೆಂದರೆ ಎಡಕ್ಕೆ ಹೋಗುವ ಚೆಂಡು ನೋಡಿದರೆ ಮಾತ್ರ ನಿಮ್ಮ ದೇಹ ಮುಂದೆ ಬರಲು ಧೈರ್ಯ ಮಾಡುತ್ತದೆ.

ಇನ್ನು ತೂಕ. ಇಲ್ಲಿ ಎಲ್ಲರೂ ಎಡವುವುದು ಸಮಯದಲ್ಲಿ. ಹೊಡೆಯುವಾಗ ಎಡಕ್ಕೆ ಬಾ ಅಂತ ಹೇಳುತ್ತಾರೆ. ಹೊಡೆಯುವಾಗ ಬಂದರೆ ತಡವಾಯಿತು. ಒಳ್ಳೆ ಆಟಗಾರರ ಕಾಲ ಕೆಳಗೆ ಒತ್ತಡ ಅಳೆಯುವ ಪ್ಲೇಟ್ ಇಟ್ಟು ನೋಡಿದ್ದಾರೆ. ಬ್ಯಾಕ್‌ಸ್ವಿಂಗ್ ಮುಗಿಯುವ ಮೊದಲೇ, ಕೈ ಇನ್ನೂ ಮೇಲೆ ಹೋಗುತ್ತಿರುವಾಗಲೇ ಒತ್ತಡ ಬಲದಿಂದ ಎಡಕ್ಕೆ ಹೊರಟಿರುತ್ತದೆ. ಕೆಳಗೆ ಬರುವಾಗ ಎಡತೋಳು ನೆಲಕ್ಕೆ ಸಮಾನಾಂತರ ಆಗುವಷ್ಟರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಎಡಪಾದದ ಮೇಲಿರುತ್ತದೆ. ಚೆಂಡಿಗೆ ತಾಗುವ ಹೊತ್ತಿಗೆ ಅವರು ನೆಲವನ್ನು ಒತ್ತಿ ಎಡಗಾಲು ನೇರ ಮಾಡುತ್ತಿರುತ್ತಾರೆ, ಬರುವ ಕೆಲಸ ಆಗಲೇ ಮುಗಿದಿದೆ.

ಒತ್ತಡ ಬೇರೆ, ದೇಹ ಸರಿಯುವುದು ಬೇರೆ. ಇದನ್ನು ಮನಸ್ಸಲ್ಲಿಡಿ. ತೂಕ ವರ್ಗಾಯಿಸು ಅಂದ ಕೂಡಲೇ ಜನ ಸೊಂಟವನ್ನು ಬಲಕ್ಕೆ ಸರಿಸಿ, ಮತ್ತೆ ಎಡಕ್ಕೆ ಸರಿಸಿ, ತಲೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಾರೆ. ಅಷ್ಟು ಓಡಾಟ ಬೇಡ. ಕೊಟ್ಟಿಗೆ ತೊಳೆಯುವಾಗ ಎರಡು ಕೈಯಲ್ಲಿ ಬಕೆಟ್ ಹಿಡಿದು ನೀರನ್ನು ಎಡಕ್ಕೆ ದೂರ ಎರಚುತ್ತೇವಲ್ಲ, ಬಕೆಟ್ ಹಿಂದಕ್ಕೆ ಹೋಗುತ್ತಿರುವಾಗಲೇ ಎಡಗಾಲು ನೆಲ ಒತ್ತಲು ಶುರುಮಾಡಿರುತ್ತದೆ, ತಲೆ ಎಲ್ಲಿಗೂ ಹೋಗಿರುವುದಿಲ್ಲ, ಅಷ್ಟೇ. ಕ್ಲಬ್ ಹಿಂದಕ್ಕೆ ಹೋಗುವಾಗ ಬಲಪಾದದ ಒಳಗಡೆ ಮತ್ತು ಹಿಮ್ಮಡಿ ಕಡೆ ಭಾರ ಅನ್ನಿಸಲಿ. ಹೊರ ಅಂಚಿಗೆ ಹೋಯಿತು ಅಂದರೆ ನೀವು ತಿರುಗಿಲ್ಲ, ವಾಲಿದ್ದೀರಿ.

ಕೊನೆಗೆ ಕೈ. ಡೌನ್‌ಸ್ವಿಂಗ್ (ಕ್ಲಬ್ ಮೇಲಿನಿಂದ ಚೆಂಡಿಗೆ ಬರುವುದು) ಪೂರ್ತಿ ಮುಗಿಯಲು ಸುಮಾರು ಕಾಲು ಸೆಕೆಂಡು ಸಾಕು. ಮುಖ ಚೆಂಡಿಗೆ ಅಂಟಿರುವುದು ಅರ್ಧ ಮಿಲಿಸೆಕೆಂಡು ಮಾತ್ರ. ನಮ್ಮ ಕಣ್ಣು, ಮಿದುಳು, ಕೈ ಒಂದು ಸುತ್ತು ಮಾತಾಡಿಕೊಳ್ಳಲು ಹೆಚ್ಚುಕಡಿಮೆ ಅಷ್ಟೇ ಕಾಲು ಸೆಕೆಂಡು ಬೇಕು. ಅಂದಮೇಲೆ ಸರಿಯಾಗಿ ಚೆಂಡಿನ ಹತ್ತಿರ ಮಣಿಕಟ್ಟು ತಿರುಗಿಸುತ್ತೇನೆ ಅನ್ನುವುದು ಆಗದ ಮಾತು. ಒಂದು ದಿನ ತಾಳ ಕೂಡಿಬರುತ್ತದೆ, ಮರುದಿನ ತಪ್ಪುತ್ತದೆ. ಎಡಗಡೆ ಮರಗಳಿಗೆ ಯಾಕೆ ಹೋಗುತ್ತದೆ ಅನ್ನುವುದಕ್ಕೆ ಕಾರಣ ಇಷ್ಟೇ. ತೋಳು ಒಂದು ಕೋಲು, ಕ್ಲಬ್ ಇನ್ನೊಂದು ಕೋಲು, ನಡುವಿನ ಕೀಲು ಮಣಿಕಟ್ಟು. ತೋಳು ವೇಗವಾಗಿ ಬಂದಾಗ ಕ್ಲಬ್ಬಿನ ತಲೆ ಹೊರಕ್ಕೆ ಎಳೆಯುತ್ತದೆ, ಆ ಎಳೆತಕ್ಕೇ ಕೀಲು ಬಿಚ್ಚಿಕೊಳ್ಳುತ್ತದೆ. ನೀವು ತಡೆಯದಿದ್ದರೆ ಸಾಕು, ಬಿಚ್ಚುವುದಕ್ಕೆ ಬೇರೆ ಬಲ ಹಾಕಬೇಕಿಲ್ಲ. ಮೇಲಿನಿಂದಲೇ ಕೈಯಿಂದ ಎಸೆದರೆ ಆ ಎಳೆತ ಚೆಂಡು ತಲುಪುವ ಮೊದಲೇ ಖರ್ಚಾಗಿಬಿಡುತ್ತದೆ.

ಭದ್ರಾವತಿ ಆಫ್‌ಸೈಡ್

ಕೊಪ್ಪದವರು ಚೆನ್ನಾಗಿ ಬರೆದಿದ್ದಾರೆ. ಆದರೆ ಕೈ ತಾನಾಗೇ ಬರುತ್ತದೆ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದು ಚಿಕ್ಕಂದಿನಿಂದ ಆಡಿದವರಿಗೆ ಬರುತ್ತದೆ. ಇಪ್ಪತ್ತು ವರ್ಷ ಬ್ಯಾಟ್ ಹಿಡಿದವನಿಗೆ ಬರುವುದಿಲ್ಲ, ಯಾಕೆಂದರೆ ಅವನ ಕೈಗೆ ಬೇರೆಯದೇ ಪಾಠ ಆಗಿದೆ.

ಪ್ರಶ್ನೆ ಕೇಳಿದವರು ಕ್ರಿಕೆಟ್ ವಿಷಯ ಎತ್ತಿದ್ದಾರೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಬ್ಯಾಟಿನ ಮುಖ ಹಿಡಿಯ ನೇರಕ್ಕೆ ಇರುತ್ತದೆ. ಸ್ಟ್ರೈಟ್ ಡ್ರೈವ್ ಹೊಡೆಯುವಾಗ ಎಡ ಮೊಣಕೈ ಮೇಲೆತ್ತಿ, ಬ್ಯಾಟಿನ ಪೂರ್ತಿ ಮುಖವನ್ನು ಬೌಲರ್ ಕಡೆ ಆದಷ್ಟು ಹೊತ್ತು ತೋರಿಸಿ ಅಂತ ನಮಗೆ ಕಲಿಸಿದ್ದಾರೆ. ಮಣಿಕಟ್ಟು ತಿರುಗಿಸಿದರೆ ಕ್ಯಾಚ್ ಹೋಗುತ್ತದೆ ಅಂತ ಬೈದಿದ್ದಾರೆ. ಗಾಲ್ಫ್ ಕ್ಲಬ್ಬಿನ ತಲೆ ಶಾಫ್ಟಿನ ಒಂದು ಪಕ್ಕಕ್ಕೆ ಅಂಟಿಕೊಂಡಿದೆ. ಅದರ ಭಾರ ಶಾಫ್ಟಿನ ಗೆರೆಯ ಮೇಲೆ ಇಲ್ಲ. ಸ್ವಿಂಗ್ ಕೂಡ ಓರೆಯಾಗಿ ದೇಹದ ಸುತ್ತ ತಿರುಗುತ್ತದೆ. ಬ್ಯಾಕ್‌ಸ್ವಿಂಗ್‌ನಲ್ಲಿ ಮುಖ ತೆರೆದುಕೊಳ್ಳುತ್ತದೆ, ಅದು ವಾಪಸ್ ಬರಬೇಕೆಂದರೆ ಎಡ ಮುಂಗೈ ತಿರುಗಲೇಬೇಕು. ಬ್ಯಾಟ್ಸ್‌ಮನ್ ಆ ತಿರುಗುವಿಕೆಯನ್ನು ತನಗೆ ಗೊತ್ತಿಲ್ಲದೆ ತಡೆಹಿಡಿಯುತ್ತಾನೆ. ಇದಕ್ಕೆ ಹಿಡಿತ ಬದಲಿಸಿದರೆ ಅರ್ಧ ಕೆಲಸ ಆಗುತ್ತದೆ. ಇನ್ನರ್ಧಕ್ಕೆ ಕೈಯನ್ನು ಬೇರೆಯಾಗಿಯೇ ಪಳಗಿಸಬೇಕು.

ನಮ್ಮೂರಿನವರು ಅನ್ನುವ ಹೆಮ್ಮೆಯಿಂದ ಹೇಳುತ್ತೇನೆ, ಮಣಿಕಟ್ಟಿನ ಆಟ ಅಂದರೆ ಗುಂಡಪ್ಪ ವಿಶ್ವನಾಥ್. ಹುಟ್ಟಿದ್ದು ಭದ್ರಾವತಿಯಲ್ಲಿ, 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್‌ನಲ್ಲೇ 137. ಅವರ ಸ್ಕ್ವೇರ್ ಕಟ್ ನೋಡಿದವರು ಮರೆಯುವುದಿಲ್ಲ. ತೂಕ ಹಿಂಗಾಲ ಮೇಲಿದ್ದರೂ ಮಣಿಕಟ್ಟಿನಿಂದಲೇ ಚೆಂಡು ಬೌಂಡರಿಗೆ. ಆದರೆ ಅಲ್ಲಿ ಚೆಂಡೇ ವೇಗ ಹೊತ್ತು ಬರುತ್ತದೆ. ಗಾಲ್ಫಿನಲ್ಲಿ ಚೆಂಡು ಸುಮ್ನೆ ಕೂತಿರುತ್ತದೆ, ವೇಗ ಸಾಲ ಸಿಗುವುದಿಲ್ಲ, ಎಲ್ಲವನ್ನೂ ನಾವೇ ಕೊಡಬೇಕು. ಹಿಂಗಾಲ ಮೇಲೆ ನಿಂತು ಕಟ್ ಮಾಡಿ ಅಭ್ಯಾಸ ಆದವರು 7 ಐರನ್‌ಗೂ ಅದನ್ನೇ ಮಾಡುತ್ತಾರೆ. ಪ್ರಶ್ನೆ ಕೇಳಿದವರದ್ದೂ ಇದೇ ಇರಬಹುದು ಅಂತ ನನ್ನ ಅಂದಾಜು.

ನನ್ನ ಸಲಹೆ ಇದು. ಎರಡೂ ಪಾದ ಜೋಡಿಸಿ ನಿಲ್ಲಿ. 9 ಐರನ್ ತೆಗೆದುಕೊಳ್ಳಿ. ಕೈ ಸೊಂಟದ ಎತ್ತರದವರೆಗೆ ಹಿಂದೆ, ಸೊಂಟದ ಎತ್ತರದವರೆಗೆ ಮುಂದೆ. ಹಿಂದೆ ಹೋದಾಗ ಕ್ಲಬ್ಬಿನ ತುದಿ ಆಕಾಶ ನೋಡಲಿ, ಮುಂದೆ ಹೋದಾಗಲೂ ತುದಿ ಆಕಾಶ ನೋಡಲಿ. ಪಾದ ಜೋಡಿಸಿದಾಗ ದೇಹ ಸರಿಸಲು ಜಾಗವೇ ಇಲ್ಲ, ಸರಿಸಿದರೆ ಬೀಳುತ್ತೀರಿ. ಆಗ ಮುಂಗೈ ಹೇಗೆ ತಿರುಗುತ್ತದೆ ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಇದು ಹಿಡಿದ ಮೇಲೆ ಕಾಲಿನ ಪಾಠಕ್ಕೆ ಹೋಗಿ.

ಕೊಪ್ಪದಿಂದ

ಬ್ಯಾಟಿನ ಮುಖದ ವಿಷಯ ಚೆನ್ನಾಗಿ ಹೇಳಿದಿರಿ, ನನಗೆ ಹೊಳೆದಿರಲಿಲ್ಲ. ಪಾದ ಜೋಡಿಸಿ ಅರ್ಧ ಸ್ವಿಂಗ್ ಮಾಡುವುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸ ಇಟ್ಟುಕೊಳ್ಳೋಣ. ಅಲ್ಲಿ ಮುಂಗೈ ಇಡೀ ದಾರಿಯಲ್ಲಿ ನಿಧಾನವಾಗಿ ತಿರುಗುತ್ತದೆ. ಮಣಿಕಟ್ಟನ್ನು ಚೆಂಡಿನ ಹತ್ತಿರ ಫಟ್ ಅಂತ ತಿರುಗಿಸುವುದು ಬೇರೆ. ಇವರಿಗೆ ಯಾರೋ ಹೇಳಿಕೊಟ್ಟದ್ದು ಎರಡನೆಯದು. ಚೆಂಡಿಗೆ ತಾಗುವಾಗ ಎಡ ಮಣಿಕಟ್ಟಿನ ಹಿಂಬದಿ ನೇರವಾಗಿರಬೇಕು, ಹಿಂದಕ್ಕೆ ಮುರಿದಿರಬಾರದು. ಮುಂಗೈ ತಿರುಗಿದರೂ ಮಣಿಕಟ್ಟು ನೇರವೇ ಇರಬಹುದು. ಎರಡನ್ನೂ ಒಂದೇ ಅಂದುಕೊಂಡರೆ ಫ್ಲಿಪ್, ಅಂದರೆ ಕೊನೇ ಗಳಿಗೆಯಲ್ಲಿ ಮಣಿಕಟ್ಟು ಮುರಿದು ಕ್ಲಬ್ ತಲೆ ಎಸೆಯುವುದು, ಶುರುವಾಗುತ್ತದೆ.

ಕಾಲಿನ ಪಾಠಕ್ಕೆ ನನಗೆ ಬಹಳ ಇಷ್ಟವಾದದ್ದು ಹೆಜ್ಜೆ ಹಾಕಿ ಹೊಡೆಯುವುದು. ಪಾದ ಜೋಡಿಸಿ ಶುರುಮಾಡಿ. ಕ್ಲಬ್ ಹಿಂದಕ್ಕೆ ಹೋಗಲಿ. ಅದು ಪೂರ್ತಿ ಮೇಲೆ ಮುಟ್ಟುವ ಮೊದಲೇ ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಡಿ, ಕಾಲು ನೆಲಕ್ಕೆ ತಾಗಿದ ಮೇಲೆ ಕೈ ಕೆಳಗೆ ಬರಲಿ. ಮೇಲೆ ನಿಂತು ಆಮೇಲೆ ಹೆಜ್ಜೆ ಇಟ್ಟರೆ ಪ್ರಯೋಜನ ಇಲ್ಲ, ಕ್ಲಬ್ ಒಂದು ಕಡೆ ಹೋಗುತ್ತಿರುವಾಗ ಕಾಲು ಇನ್ನೊಂದು ಕಡೆ ಹೋಗಬೇಕು. ಜಾಕ್ ನಿಕ್ಲಾಸ್ ಬ್ಯಾಕ್‌ಸ್ವಿಂಗ್‌ನಲ್ಲಿ ಎಡ ಹಿಮ್ಮಡಿ ಎತ್ತುತ್ತಿದ್ದರು, ಅದನ್ನು ವಾಪಸ್ ಊರುವುದೇ ಅವರ ಡೌನ್‌ಸ್ವಿಂಗ್‌ನ ಶುರು. ಹೆಜ್ಜೆ ಕಷ್ಟ ಅನ್ನಿಸಿದರೆ ಹಿಮ್ಮಡಿ ಎತ್ತಿ ಊರಿ ನೋಡಿ. ಕ್ರಿಕೆಟ್‌ನಲ್ಲಿ ಮುಂಗಾಲು ಹಾಕಿ ಡ್ರೈವ್ ಮಾಡಿದ ಅನುಭವ ಇಲ್ಲಿ ನಿಮ್ಮ ಕಡೆಗೇ ಕೆಲಸ ಮಾಡುತ್ತದೆ.

ಇನ್ನೊಂದು ಮುಖ್ಯ ವಿಷಯ. ನೆಟ್‌ನಲ್ಲಿ ಸರಿ, ಕೋರ್ಸ್‌ನಲ್ಲಿ ತಪ್ಪು ಅಂದಿರಲ್ಲ, ಅದಕ್ಕೆ ಕಾರಣ ನಿಮ್ಮ ಮ್ಯಾಟ್. ಮ್ಯಾಟ್ ಮೇಲೆ ಎರಡು ಇಂಚು ಹಿಂದೆ ತಾಗಿದರೂ ಕ್ಲಬ್ ಜಾರಿಕೊಂಡು ಹೋಗಿ ಚೆಂಡಿಗೆ ಚೆನ್ನಾಗೇ ತಾಗಿದ ಹಾಗೆ ಆಗುತ್ತದೆ, ಸದ್ದೂ ಚೆನ್ನಾಗಿರುತ್ತದೆ. ಹುಲ್ಲು ಹಾಗೆ ಬಿಡುವುದಿಲ್ಲ. ಹಾಗಾಗಿ ವಾರದಲ್ಲಿ ಒಂದೆರಡು ದಿನವಾದರೂ ಮಣ್ಣಿನ ಮೇಲೆ ಅಭ್ಯಾಸ ಮಾಡಿ. ಚೆಂಡೇ ಬೇಡ. ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಒಂದು ಗೆರೆ ಎಳೆಯಿರಿ, ಗೆರೆ ನಿಮ್ಮ ಪಾದಗಳ ನಡುವೆ ಬರುವ ಹಾಗೆ ನಿಲ್ಲಿ, ಸ್ವಿಂಗ್ ಮಾಡಿ, ಕ್ಲಬ್ ಎಲ್ಲಿ ಮಣ್ಣು ಮುಟ್ಟಿತು ನೋಡಿ. ಗೆರೆಯ ಮೇಲಿಂದ ಶುರುವಾಗಿ ಎಡಕ್ಕೆ ಸಾಗಬೇಕು. ವೃತ್ತಿಪರರ ಐರನ್ ಸ್ವಿಂಗ್‌ನಲ್ಲಿ ಅತಿ ತಗ್ಗಿನ ಜಾಗ ಚೆಂಡಿಗಿಂತ ಸುಮಾರು ನಾಲ್ಕು ಇಂಚು ಮುಂದೆ ಇರುತ್ತದೆ. ನಮಗೆ ಒಂದೆರಡು ಇಂಚು ಬಂದರೂ ಆಟವೇ ಬದಲಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಕಲ್ಲಿನಷ್ಟು ಗಟ್ಟಿ, ಆಗ ಇದನ್ನು ಮಾಡಬೇಡಿ, ಮಣಿಕಟ್ಟಿಗೆ ಪೆಟ್ಟಾಗುತ್ತದೆ. ತೋಟದ ಅಂಚಿನ ಮೆತ್ತನೆ ಜಾಗ ನೋಡಿಕೊಳ್ಳಿ.

ಮೂಡಿಗೆರೆ ಎಸ್ಟೇಟ್

ಇಬ್ಬರೂ ಸಮತಟ್ಟು ನೆಲದ ಮೇಲೆ ನಿಂತು ಮಾತಾಡುತ್ತಿದ್ದೀರಿ. ನಮ್ಮ ಕಡೆ ಅಂಥ ನೆಲ ಎಲ್ಲಿದೆ ಹೇಳಿ? ಗುಡ್ಡದ ಕೋರ್ಸ್‌ನಲ್ಲಿ ಆಡುವವರಿಗೆ ತೂಕದ ಪ್ರಶ್ನೆ ಪ್ರತೀ ಹೊಡೆತಕ್ಕೂ ಬೇರೆ. ತಮ್ಮಾ, ನೀನು ನೋಡಬೇಕಾದ್ದು ಇದನ್ನೂ.

ಎಡಗಾಲು ಮೇಲೆ, ಬಲಗಾಲು ಕೆಳಗೆ ಇರುವ ಏರಿನಲ್ಲಿ ದೇಹ ತಾನಾಗೇ ಬಲಕ್ಕೆ ಜಾರುತ್ತದೆ, ಎಡಕ್ಕೆ ಬರುವುದು ಕಷ್ಟ. ಅಲ್ಲಿ ಹಠ ಮಾಡಬೇಡ. ಭುಜವನ್ನು ಇಳಿಜಾರಿಗೆ ಹೊಂದಿಸಿ ನಿಲ್ಲು. ಚೆಂಡು ಎತ್ತರ ಹೋಗುತ್ತದೆ, ಸ್ವಲ್ಪ ಎಡಕ್ಕೆ ಹೋಗುತ್ತದೆ, ಹಾಗಾಗಿ ಒಂದು ಕ್ಲಬ್ ಜಾಸ್ತಿ, ಅಂದರೆ ಇನ್ನೂ ದೂರ ಹೊಡೆಯುವ ಮುಂದಿನ ಕ್ಲಬ್ ತೆಗೆದುಕೊಂಡು ಸಮಾಧಾನವಾಗಿ ಹೊಡಿ. ಇಳಿತದಲ್ಲಿ ಇದಕ್ಕೆ ಉಲ್ಟಾ. ಬಲಗಾಲು ಮೇಲೆ, ನೆಲ ಚೆಂಡಿನ ಹಿಂದೆ ಎತ್ತರ. ಅಲ್ಲಿ ತೂಕ ಹಿಂದೆ ಉಳಿದರೆ ನೆಲ ಕ್ಷಮಿಸುವುದೇ ಇಲ್ಲ, ಚೆಂಡಿಗೆ ಮೊದಲೇ ಅಗೆದುಬಿಡುತ್ತೀಯ. ಅದಕ್ಕೇ ನಾನು ಕಲಿಯುವವರಿಗೆ ಹೇಳುವುದು, ಸಣ್ಣ ಇಳಿತ ಹುಡುಕಿ ಅಲ್ಲೇ ಅರ್ಧ ಸ್ವಿಂಗ್ ಮಾಡಿ ಅಂತ. ಎಡಗಾಲ ಮೇಲೆ ನಿಂತು ಹೊಡೆಯುವುದು ಹೇಗನ್ನಿಸುತ್ತದೆ ಅಂತ ನೆಲವೇ ಹೇಳಿಕೊಡುತ್ತದೆ. ನಿನ್ನ ಮನೆ ಅಂಗಳದ ಹೊರಗೆ ತೋಟಕ್ಕೆ ಇಳಿಯುವ ಜಾಗ ಇರಲೇಬೇಕಲ್ಲ, ಅಲ್ಲೇ ಸಾಕು.

ಚೆಂಡು ಪಾದಕ್ಕಿಂತ ಎತ್ತರದಲ್ಲಿದ್ದರೆ ಎಡಕ್ಕೆ, ತಗ್ಗಿನಲ್ಲಿದ್ದರೆ ಬಲಕ್ಕೆ ಹೋಗುವ ಒಲವು ಇರುತ್ತದೆ. ಚೆಂಡು ಬಲಕ್ಕೆ ಹೋದದ್ದೆಲ್ಲ ನಿನ್ನ ಕೈಯ ತಪ್ಪಲ್ಲ, ಕೆಲವು ಗುಡ್ಡದ ಕೆಲಸ. ನಿಂತ ಜಾಗ ನೋಡದೆ ಸ್ವಿಂಗ್ ಬದಲಿಸಲು ಹೋಗಬೇಡ.

ಮಳೆಗಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆಡುವವರ ಕೈ ಯಾವಾಗಲೂ ಒದ್ದೆ. ಹಿಡಿ ಜಾರುತ್ತದೆ ಅಂತ ಗಟ್ಟಿಯಾಗಿ ಹಿಸುಕುತ್ತೇವೆ. ಗಟ್ಟಿಯಾಗಿ ಹಿಸುಕಿದ ಕೈಯಲ್ಲಿ ಮಣಿಕಟ್ಟಿನ ಕೀಲು ಬಿಚ್ಚುವುದಿಲ್ಲ, ಮುಂಗೈ ತಿರುಗುವುದಿಲ್ಲ, ಮುಖ ತೆರೆದೇ ಬರುತ್ತದೆ. ಚರ್ಮದ ಗ್ಲೌಸ್ ಒದ್ದೆಯಾದರೆ ಸೋಪಿನ ಹಾಗೆ. ಮಳೆಗೆಂದೇ ಮಾಡಿದ ಬಟ್ಟೆಯ ಗ್ಲೌಸ್ ಸಿಗುತ್ತದೆ, ಅದು ನೆನೆದಷ್ಟೂ ಚೆನ್ನಾಗಿ ಹಿಡಿಯುತ್ತದೆ, ಎರಡೂ ಕೈಗೆ ಹಾಕಿಕೋ. ಒಣ ಟವೆಲ್ ಒಂದನ್ನು ಛತ್ರಿ ಕಡ್ಡಿಗೆ ಸಿಕ್ಕಿಸಿಟ್ಟುಕೋ. ಮೆತ್ತಗಿನ ನೆಲದಲ್ಲಿ ಫ್ಯಾಟ್ ಹೊಡೆತ (ಚೆಂಡಿಗೆ ಮೊದಲೇ ನೆಲಕ್ಕೆ ತಾಗುವುದು) ಅರ್ಧ ದೂರವೂ ಹೋಗುವುದಿಲ್ಲವಾದ್ದರಿಂದ ಚೆಂಡನ್ನು ಒಂದು ಚೂರು ಹಿಂದೆ, ಅಂದರೆ ಬಲಗಾಲ ಕಡೆಗೆ ಇಟ್ಟುಕೊಂಡು ಮುಕ್ಕಾಲು ಸ್ವಿಂಗ್ ಮಾಡುವುದು ಒಳ್ಳೆಯದು. ಅಂದಹಾಗೆ ಚೆಂಡು ಬಿದ್ದ ರಭಸಕ್ಕೆ ಫೇರ್‌ವೇಯಲ್ಲೋ (ಹುಲ್ಲು ಕತ್ತರಿಸಿದ ದಾರಿ) ರಫ್‌ನಲ್ಲೋ (ಪಕ್ಕದ ಉದ್ದ ಹುಲ್ಲು) ತನ್ನದೇ ಗುಂಡಿಯಲ್ಲಿ ಹೂತುಕೊಂಡರೆ ದಂಡವಿಲ್ಲದೆ ತೆಗೆದು ಡ್ರಾಪ್ ಮಾಡಲು (ಕೈಯಿಂದ ಪಕ್ಕಕ್ಕೆ ಬೀಳಿಸಲು) ನಿಯಮದಲ್ಲೇ ಅವಕಾಶ ಇದೆ. ಇಲ್ಲಿ ಎಷ್ಟೋ ಜನ ಅದು ಗೊತ್ತಿಲ್ಲದೆ ಕೆಸರಿನಿಂದಲೇ ಅಗೆಯುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ದೂರದ ಚಿಂತೆ ಈಗಲೇ ಬೇಡ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಾಗ ತುಂಬಾ ದೂರ ಹೊಡೆಯುವವರ ಸಾಲಿನಲ್ಲಿ ಇರಲಿಲ್ಲ. ಒಂದೇ ಒಂದು ಹೊಡೆತದಲ್ಲಿ ಪದಕ ಕೈತಪ್ಪಿತು. ಚೆಂಡು ಮುಖದ ನಡುವಿಗೆ ತಾಗಬೇಕು, ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಹತ್ತಿರ ಕೈ ಸ್ಥಿರ ಇರಬೇಕು. ಇನ್ನೊಂದು ನೆನಪಾಯಿತು, ಚಿಪ್ ಮಾಡುವಾಗ, ಅಂದರೆ ಅಲ್ಲಿ ಹತ್ತಿರದಿಂದ ಸಣ್ಣದಾಗಿ ಹೊಡೆಯುವಾಗ, ತೂಕ ವರ್ಗಾಯಿಸುವ ಕೆಲಸವೇ ಇಲ್ಲ. ಶುರುವಿನಿಂದ ಕೊನೆಯವರೆಗೆ ಎಡಗಾಲ ಮೇಲೆಯೇ ಇರು.

ತುಂಗಾದಂಡೆ, ಶಿವಮೊಗ್ಗ

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕಾ, ಇಳಿತದ ಮಾತು ಮನಸ್ಸಿಗೆ ಹತ್ತಿತು, ತೋಟಕ್ಕೆ ಇಳಿಯುವ ದಾರಿಯ ಪಕ್ಕ ಜಾಗ ನೋಡಿಕೊಂಡೆ.

ಮೊದಲು ಹಿಡಿತ ಮಾತ್ರ ಬದಲಿಸಿದೆ. ಕೊಪ್ಪದವರು ಹೇಳಿದ ಹಾಗೆಯೇ ಎಲ್ಲ ಎಡಕ್ಕೆ ಹೋಗತೊಡಗಿದವು, ಹೆದರಿಕೆಯಾಯಿತು, ಆದರೂ ಬಿಡಲಿಲ್ಲ. ಆಮೇಲೆ ಪಾದ ಜೋಡಿಸಿ ಅರ್ಧ ಸ್ವಿಂಗ್, ಆಮೇಲೆ ಹೆಜ್ಜೆ. ಹೆಜ್ಜೆ ಹಾಕಿ ಹೊಡೆದಾಗ ಎಡಕ್ಕೆ ಹೋಗುವುದು ನಿಂತು ಚೆಂಡು ನೇರವಾಯಿತು. ಅಂದರೆ ಮುಂದೆ ಬಂದಷ್ಟೂ ಮುಖ ಸ್ವಲ್ಪ ತೆರೆಯುತ್ತದೆ ಅನ್ನುವ ನಿಮ್ಮ ಮಾತು ಕಣ್ಣಿಗೆ ಕಂಡಿತು. ರಂಗೋಲಿ ಗೆರೆಯಲ್ಲಿ ಮೊದಲು ಪ್ರತೀ ಸಲ ಹಿಂದೆಯೇ ತಾಗುತ್ತಿತ್ತು, ಈಗ ಜಾಸ್ತಿ ಸಲ ಗೆರೆ ಮೇಲೆ ಅಥವಾ ಮುಂದೆ. ಸುಸ್ತಾದಾಗ ಮತ್ತೆ ಹಿಂದಕ್ಕೆ ಹೋಗುತ್ತದೆ.

ಒಂದೇ ಪ್ರಶ್ನೆ ಉಳಿದಿದೆ, ಅತಿ ದೂರ ಹೊಡೆಯುವ ಉದ್ದನೆ ಕ್ಲಬ್ ಡ್ರೈವರ್‌ನದ್ದು. ಡ್ರೈವರ್‌ಗೂ ಇದೇನಾ? ಡ್ರೈವರ್‌ನಲ್ಲಿ ಮೇಲಕ್ಕೆ ಹೊಡೆಯಬೇಕು, ಹಾಗಾಗಿ ತೂಕ ಹಿಂದೆ ಇಡಬೇಕು ಅಂತ ಕ್ಲಬ್‌ನಲ್ಲಿ ಒಬ್ಬರು ಹೇಳಿದರು.

ಭದ್ರಾವತಿ ಆಫ್‌ಸೈಡ್

ಸುಸ್ತಾದಾಗ ನಿಲ್ಲಿಸಿಬಿಡಿ. ಆ ಹೊತ್ತಿನಲ್ಲಿ ಹೊಡೆದದ್ದು ಹಳೆಯ ಅಭ್ಯಾಸವನ್ನೇ ಗಟ್ಟಿಮಾಡುತ್ತದೆ. ಡ್ರೈವರ್ ವಿಷಯ ಕೊಪ್ಪದವರೇ ಹೇಳಲಿ.

ಕೊಪ್ಪದಿಂದ

ತೂಕ ಹಿಂದೆ ಇಡಬೇಡಿ. ಮೇಲಕ್ಕೆ ಹೊಡೆಯುವುದು ಚೆಂಡಿನ ಜಾಗದಿಂದ ಬರಬೇಕು. ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೆ, ಟೀ (ಚೆಂಡು ಕೂರಿಸುವ ಗೂಟ) ಮೇಲೆ ಎತ್ತರಕ್ಕೆ ಇಡಿ, ಅರ್ಧ ಚೆಂಡು ಡ್ರೈವರ್‌ನ ಮೇಲಂಚಿಗಿಂತ ಮೇಲೆ ಕಾಣುವಷ್ಟು. ಪಾದ ಸ್ವಲ್ಪ ಅಗಲ. ನಿಂತಾಗಲೇ ಬಲ ಭುಜ ಎಡಕ್ಕಿಂತ ಚೂರು ತಗ್ಗಿರಲಿ. ಆಗ ಸ್ವಿಂಗ್‌ನ ತಗ್ಗಿನ ಜಾಗ ಚೆಂಡಿಗೆ ಮೊದಲೇ ಬರುತ್ತದೆ, ಕ್ಲಬ್ ಮೇಲೇಳುವಾಗ ತಾಗುತ್ತದೆ. ಒತ್ತಡ ಎಡಗಾಲಿಗೆ ಬರುವ ಸಮಯ ಐರನ್‌ನಷ್ಟೇ ಬೇಗ, ಅದರಲ್ಲಿ ಬದಲಾವಣೆ ಇಲ್ಲ. ತಲೆ ಮಾತ್ರ ಚೆಂಡಿನ ಹಿಂದೆ ಉಳಿಯಲಿ. ಸೊಂಟ ಮುಂದೆ, ತಲೆ ಹಿಂದೆ. ತಲೆ ಹಿಂದೆ ಇರುವುದನ್ನು ನೋಡಿದವರು ತೂಕವೇ ಹಿಂದೆ ಇದೆ ಅಂದುಕೊಳ್ಳುತ್ತಾರೆ, ನಿಮ್ಮ ಕ್ಲಬ್ಬಿನವರೂ ಹಾಗೆಯೇ ಅಂದುಕೊಂಡಿರಬೇಕು.

ಹೊಸ ಹಿಡಿತದಲ್ಲಿ ಡ್ರೈವರ್ ಎಡಕ್ಕೆ ಜಾಸ್ತಿ ಹೋದರೆ ಗೆಣ್ಣು ಎರಡಕ್ಕೆ ಇಳಿಸಿ ನೋಡಿ. ಮುಂದಿನ ಸಲ ಪಕ್ಕದಿಂದಲೂ ಎದುರಿನಿಂದಲೂ ವಿಡಿಯೊ ತೆಗೆದು ಹಾಕಿ.